ನೆಗಡಿ, ಜ್ವರ ಇರುವಾಗ ವ್ಯಾಯಾಮ ಮುಂದುವರಿಸಬಹುದೇ? ಅದರಿಂದ ರೋಗನಿರೋಧಕ ಶಕ್ತಿ ಕುಗ್ಗುತ್ತದೆಯೇ?

ಪ್ರಶ್ನೆ: ಉಣಕಲ್ ಓಟಗಾರ್ತಿ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನಾನು ಬ್ಯಾಂಕ್ ಉದ್ಯೋಗಿ. ವಯಸ್ಸು ನಲವತ್ತು ದಾಟಿದೆ. ಬೆಳಿಗ್ಗೆ ಉಣಕಲ್ ಕೆರೆಯ ಕಡೆ ಓಡುವುದು, ಬಿಡುವಾದಾಗ ಸಂಜೆ ಜಿಮ್‌ಗೆ ಹೋಗುವುದು ಹಲವು ವರ್ಷಗಳ ರೂಢಿ. ಮುಂದಿನ ತಿಂಗಳು ನಡೆಯುವ ಹಾಫ್ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದೇನೆ. ತಯಾರಿ ಒಂದು ಹದಕ್ಕೆ ಬಂದಿರುವ ಹೊತ್ತಿಗೆ ಸರಿಯಾಗಿ ಮಳೆಗಾಲದ ನೆಗಡಿ ಹಿಡಿದಿದೆ. ಮೂಗು ಸೋರುತ್ತಿದೆ, ಗಂಟಲು ಕೆರೆಯುತ್ತಿದೆ, ನಿನ್ನೆ ಸಂಜೆ ಮೈ ಸ್ವಲ್ಪ ಬಿಸಿಯಾದಂತೆಯೂ ಅನ್ನಿಸಿತು. ಥರ್ಮಾಮೀಟರ್ ಇಟ್ಟು ನೋಡಿಲ್ಲ.

ಸಲಹೆಗಳಿಗೇನೂ ಕೊರತೆಯಿಲ್ಲ, ಆದರೆ ಒಂದಕ್ಕೊಂದು ತಾಳೆಯಾಗುವುದಿಲ್ಲ. "ಬೆವರು ಬಿಟ್ರ ಎಲ್ಲಾ ಹೋಗ್ತದವಾ, ಸುಮ್ನ ಮಲಕೋಬ್ಯಾಡ" ಎಂಬುದು ನಮ್ಮ ಅತ್ತೆಯವರ ಮಾತು. ಜಿಮ್‌ನ ತರಬೇತುದಾರರು ಭಾರ ಕಡಿಮೆ ಮಾಡಿಕೊಂಡು ಬನ್ನಿ ಎನ್ನುತ್ತಾರೆ. ನನ್ನ ಸಹೋದ್ಯೋಗಿಯೊಬ್ಬರು ಮಾತ್ರ, ದೂರ ಓಡಿದ ಮೇಲೆ ಕೆಲವು ಗಂಟೆ ರಕ್ತದಲ್ಲಿ ಬಿಳಿ ಕಣಗಳು ಕಡಿಮೆಯಾಗುತ್ತವೆ, ಆರೋಗ್ಯವಾಗಿದ್ದಾಗಲೇ ಅದು ಅಪಾಯ, ಇನ್ನು ಸೋಂಕು ಇರುವಾಗ ಓಡಿದರೆ ರೋಗನಿರೋಧಕ ಶಕ್ತಿ ಪೂರ್ತಿ ಕುಸಿಯುತ್ತದೆ ಎಂದು ಹೆದರಿಸಿದ್ದಾರೆ. ಇದರಲ್ಲಿ ಯಾವುದು ನಿಜ? ಓಟವನ್ನು ಪೂರ್ತಿ ನಿಲ್ಲಿಸಬೇಕೇ, ಅಥವಾ ನಿಧಾನವಾಗಿ ಮುಂದುವರಿಸಬಹುದೇ? ತಿಳಿದವರು ಕಾರಣಸಹಿತವಾಗಿ ಹೇಳಿದರೆ ಉಪಕಾರವಾಗುತ್ತದೆ.

ಉತ್ತರ: ಮಲೆನಾಡ ವೈದ್ಯ, ಶಿವಮೊಗ್ಗ

ಮೇಡಂ, ಥರ್ಮಾಮೀಟರ್ ಇಟ್ಟು ನೋಡಿಲ್ಲ ಎಂದಿದ್ದೀರಲ್ಲ, ಮೊದಲು ಆ ಕೆಲಸ ಮಾಡಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಯಾವ ಮಾತ್ರೆಯನ್ನೂ ನುಂಗುವ ಮೊದಲು ನೋಡಿ ಬರೆದಿಡಿ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದು ಜ್ವರ. ಜ್ವರ ಇದ್ದರೆ ಓಟವೂ ಇಲ್ಲ, ಜಿಮ್ಮೂ ಇಲ್ಲ. ಈ ವಿಷಯದಲ್ಲಿ ವೈದ್ಯರಲ್ಲಿ ಎರಡು ಅಭಿಪ್ರಾಯಗಳಿಲ್ಲ.

ನಿಮ್ಮ ಅತ್ತೆಯವರ ಮಾತು ನಮ್ಮ ಕ್ಲಿನಿಕ್ಕಿನಲ್ಲೂ ದಿನವೂ ಕೇಳಿಬರುವಂಥದ್ದು; ಹಿರಿಯರು ಕಂಡದ್ದು ಸುಳ್ಳಲ್ಲ, ಕಾರ್ಯಕಾರಣವಷ್ಟೇ ತಿರುವುಮುರುವಾಗಿದೆ. ಮೈಯ ಉಷ್ಣತೆ ಎಷ್ಟಿರಬೇಕೆಂಬುದನ್ನು ಮೆದುಳಿನ ಹೈಪೊಥಲಾಮಸ್ ಎಂಬ ಪುಟ್ಟ ಭಾಗವು ನಿಗದಿ ಮಾಡುತ್ತದೆ. ಸೋಂಕು ತಗುಲಿದಾಗ ಅದು ಆ ಮಟ್ಟವನ್ನು ಮೇಲಕ್ಕೆ ಏರಿಸುತ್ತದೆ. ಮೈ ಆ ಮಟ್ಟಕ್ಕೆ ಕಾಯಬೇಕಾದ್ದರಿಂದ ಚಳಿ ಹತ್ತಿ ನಡುಕ ಬರುತ್ತದೆ. ಸೋಂಕು ಹತೋಟಿಗೆ ಬಂದು ಮಟ್ಟವು ಮತ್ತೆ ಕೆಳಗಿಳಿದಾಗ, ಹೆಚ್ಚಾಗಿರುವ ಶಾಖವನ್ನು ಹೊರಹಾಕಲು ಮೈ ಬೆವರುತ್ತದೆ. ಅಂದರೆ ಜ್ವರ ಬಿಡುತ್ತಿರುವುದರಿಂದ ಬೆವರು ಬರುತ್ತದೆಯೇ ಹೊರತು, ಬೆವರು ಹರಿದದ್ದರಿಂದ ಜ್ವರ ಬಿಡುವುದಿಲ್ಲ. ಜ್ವರ ಏರುತ್ತಿರುವಾಗ ಕಂಬಳಿ ಹೊದ್ದೋ, ಓಡಿಯೋ ಬಲವಂತವಾಗಿ ಬೆವರು ಹರಿಸಿದರೆ ಮೊದಲೇ ಬಿಸಿಯಾಗಿರುವ ದೇಹಕ್ಕೆ ಇನ್ನಷ್ಟು ಶಾಖ ಸೇರುತ್ತದೆ, ನೀರಿನಂಶ ಹೋಗುತ್ತದೆ, ವೈರಸ್ಸಿಗೆ ಏನೂ ಆಗುವುದಿಲ್ಲ. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ದೇಹದ ಚಯಾಪಚಯ ನೂರಕ್ಕೆ ಸುಮಾರು ಹತ್ತರಿಂದ ಹದಿಮೂರರಷ್ಟು ಹೆಚ್ಚುತ್ತದೆ, ನಾಡಿಬಡಿತ ನಿಮಿಷಕ್ಕೆ ಸುಮಾರು ಹತ್ತು ಏರುತ್ತದೆ. ಮಲಗಿದ್ದಲ್ಲೇ ಹೃದಯ ಇಷ್ಟು ದುಡಿಯುತ್ತಿರುವಾಗ ಅದರ ಮೇಲೆ ಓಟವನ್ನೂ ಹೇರುವುದರಲ್ಲಿ ಅರ್ಥವಿಲ್ಲ.

ಜ್ವರವಿಲ್ಲದ ಬರಿಯ ನೆಗಡಿಯ ಮಾತು ಬೇರೆ. ಕ್ರೀಡಾವೈದ್ಯರು ಬಳಸುವ ಒಂದು ಸುಲಭದ ಸೂತ್ರವಿದೆ. ಅಮೆರಿಕದ ವೈದ್ಯ ರ‍್ಯಾಂಡಿ ಐಕ್ನರ್ 1993ರಲ್ಲಿ ಅದನ್ನು ಪ್ರಚಾರಕ್ಕೆ ತಂದರು. ತೊಂದರೆಯೆಲ್ಲ ಕತ್ತಿನಿಂದ ಮೇಲೆಯೇ ಇದ್ದರೆ, ಅಂದರೆ ಮೂಗು ಸೋರುವುದು, ಸೀನು, ಗಂಟಲಿನ ಸಣ್ಣ ಕೆರೆತ ಇಷ್ಟೇ ಆಗಿದ್ದರೆ, ಅರ್ಧ ವೇಗದಲ್ಲಿ ಹತ್ತು ನಿಮಿಷ ಪ್ರಯತ್ನಿಸಿ ನೋಡಬಹುದು. ಮೈ ಹಗುರವಾದರೆ ಮುಂದುವರಿಸಿ, ತಲೆ ಸಿಡಿಯತೊಡಗಿದರೆ ಮನೆಗೆ ಹಿಂತಿರುಗಿ. ಎದೆಯಾಳದ ಕೆಮ್ಮು, ಮೈಕೈ ನೋವು, ಚಳಿ, ವಾಂತಿ, ಭೇದಿ ಇದ್ದರೆ ಪ್ರಯತ್ನಕ್ಕೂ ಇಳಿಯಬೇಡಿ. ಇದು ಪ್ರಯೋಗಾಲಯದಲ್ಲಿ ಸಿದ್ಧವಾದ ಸೂತ್ರವಲ್ಲ, ಅನುಭವದಿಂದ ಬಂದದ್ದು. ಆದರೂ ಉಪಯೋಗಕ್ಕೆ ಬರುತ್ತದೆ.

ಮಳೆಗಾಲದಲ್ಲಿ ನಮ್ಮ ರಾಜ್ಯದಲ್ಲಿ ಕುಳಿತು ಈ ಪ್ರಶ್ನೆಗೆ ಉತ್ತರಿಸುವಾಗ ಡೆಂಗಿಯನ್ನು ಬಿಟ್ಟು ಮಾತಾಡುವಂತಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರವೇ ಅದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿತ್ತು. ಡೆಂಗಿಯ ವಿಚಿತ್ರವೆಂದರೆ, ಅದರ ಅಪಾಯದ ಘಟ್ಟ ಬರುವುದು ಜ್ವರ ಏರಿದಾಗಲ್ಲ, ಇಳಿದಾಗ. ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದ ನಡುವೆ, ಜ್ವರ ಬಿಟ್ಟಿತೆಂದು ಮನೆಯವರೆಲ್ಲ ನಿಟ್ಟುಸಿರು ಬಿಡುವ ಹೊತ್ತಿಗೆ, ರಕ್ತನಾಳಗಳಿಂದ ದ್ರವ ಸೋರಲು ಆರಂಭವಾಗಬಹುದು, ಪ್ಲೇಟ್‌ಲೆಟ್‌ಗಳೂ ಕುಸಿಯಬಹುದು. ಜ್ವರ ಬಿಟ್ಟ ಮರುದಿನವೇ ಬೆಳಿಗ್ಗೆ ಷೂ ಕಟ್ಟಿಕೊಂಡು ಹೊರಡುವ ಉತ್ಸಾಹಿಗಳನ್ನು ಕಂಡರೆ ನನಗೆ ಭಯವಾಗುವುದು ಈ ಕಾರಣಕ್ಕೆ. ಕಣ್ಣಿನ ಹಿಂಭಾಗದ ನೋವು, ಕೀಲುನೋವು, ಮೈಮೇಲೆ ಕೆಂಪು ಗಂದೆ ಜೊತೆಗಿದ್ದರೆ ರಕ್ತಪರೀಕ್ಷೆಯಾಗದೆ ವ್ಯಾಯಾಮದ ಮಾತೇ ಬೇಡ.

ಉತ್ತರ: ಶರೀರಕ್ರಿಯಾ ಮೇಷ್ಟ್ರು, ಬೆಂಗಳೂರು

ವೈದ್ಯರು ಹೇಳಬೇಕಾದದ್ದನ್ನು ಹೇಳಿದ್ದಾರೆ. ಸಹೋದ್ಯೋಗಿಯವರು ಹೇಳಿದ ಬಿಳಿ ರಕ್ತಕಣಗಳ ಮಾತನ್ನು ನಾನು ಕೈಗೆತ್ತಿಕೊಳ್ಳುತ್ತೇನೆ, ಏಕೆಂದರೆ ಅದು ಅರ್ಧ ನಿಜ. ಉಳಿದ ಅರ್ಧವನ್ನು ಸೇರಿಸಿದರೆ ಅದರ ಅರ್ಥವೇ ಬದಲಾಗುತ್ತದೆ.

ಈ ಭಯದ ಮೂಲ 1987ರ ಲಾಸ್ ಏಂಜಲೀಸ್ ಮ್ಯಾರಥಾನ್. ಡೇವಿಡ್ ನೀಮನ್ ಎಂಬ ಸಂಶೋಧಕರು ಎರಡು ಸಾವಿರಕ್ಕೂ ಹೆಚ್ಚು ಓಟಗಾರರಿಗೆ ಪ್ರಶ್ನಾವಳಿ ಕಳುಹಿಸಿ ವಿಚಾರಿಸಿದಾಗ, ಓಟ ಮುಗಿದ ವಾರದಲ್ಲಿ ಭಾಗವಹಿಸಿದವರ ಪೈಕಿ ನೂರಕ್ಕೆ 12.9 ಮಂದಿ ಸೋಂಕಿನ ಲಕ್ಷಣಗಳನ್ನು ಹೇಳಿಕೊಂಡರು. ಅದೇ ಬಗೆಯ ತಯಾರಿ ನಡೆಸಿಯೂ ಬೇರೆ ಕಾರಣಗಳಿಂದ ಓಡದೆ ಉಳಿದವರಲ್ಲಿ ಈ ಪ್ರಮಾಣ 2.2 ಮಾತ್ರವಿತ್ತು. ಅದೇ ಕಾಲಕ್ಕೆ ರಕ್ತಪರೀಕ್ಷೆಗಳಲ್ಲಿ ಇನ್ನೊಂದು ಸಂಗತಿ ಕಂಡುಬಂದಿತ್ತು. ತೀವ್ರ ವ್ಯಾಯಾಮದ ಸಮಯದಲ್ಲಿ ಲಿಂಫೋಸೈಟ್‌ಗಳೆಂಬ ಬಿಳಿ ರಕ್ತಕಣಗಳು, ಅದರಲ್ಲೂ ವೈರಸ್ ತಗುಲಿದ ಕೋಶಗಳನ್ನು ಕೊಲ್ಲುವ ಎನ್.ಕೆ. ಕೋಶಗಳು, ರಕ್ತದಲ್ಲಿ ಹಲವು ಪಟ್ಟು ಹೆಚ್ಚುತ್ತವೆ. ವ್ಯಾಯಾಮ ನಿಲ್ಲಿಸಿದ ಒಂದೆರಡು ಗಂಟೆಯಲ್ಲಿ ಮೊದಲಿದ್ದ ಮಟ್ಟಕ್ಕಿಂತಲೂ ಕೆಳಗೆ ಇಳಿಯುತ್ತವೆ. ಎರಡನ್ನೂ ಜೋಡಿಸಿದಾಗ, ಕಠಿಣ ವ್ಯಾಯಾಮದ ನಂತರ ರೋಗಾಣುಗಳಿಗೆ 'ತೆರೆದ ಕಿಟಕಿ'ಯೊಂದು ಸಿಗುತ್ತದೆ ಎಂಬ ವಾದ ಹುಟ್ಟಿತು. ಸುಮಾರು ಮೂರು ದಶಕ ಅದು ಪಠ್ಯಪುಸ್ತಕಗಳಲ್ಲಿ ಪ್ರಶ್ನೆಯಿಲ್ಲದೆ ಕೂತಿತ್ತು; ನಾವೂ ಅದನ್ನೇ ಓದಿ ಪರೀಕ್ಷೆ ಬರೆದವರು.

2018ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಜಾನ್ ಕ್ಯಾಂಪ್‌ಬೆಲ್ ಮತ್ತು ಜೇಮ್ಸ್ ಟರ್ನರ್ ಇದನ್ನು ನೇರವಾಗಿ ಪ್ರಶ್ನಿಸಿದರು. ರಕ್ತದಲ್ಲಿ ಕಾಣದ ಕೋಶಗಳು ಸತ್ತಿವೆ ಎನ್ನಲು ಆಧಾರವೇನು ಎಂಬುದು ಅವರ ಕೇಳಿಕೆ. ಪ್ರಾಣಿಗಳಲ್ಲಿ ಈ ಕೋಶಗಳಿಗೆ ಗುರುತು ಹಚ್ಚಿ ಹಿಂಬಾಲಿಸಿದ ಪ್ರಯೋಗಗಳಲ್ಲಿ ಅವು ಶ್ವಾಸಕೋಶ, ಕರುಳು, ಅಸ್ಥಿಮಜ್ಜೆಗಳಲ್ಲಿ ಸಿಕ್ಕಿದ್ದವು. ದಸರಾ ಮೆರವಣಿಗೆಯ ದಿನ ಠಾಣೆಯಲ್ಲಿ ಪೊಲೀಸರು ಕಾಣದಿದ್ದರೆ ಊರಿನಲ್ಲಿ ಪೊಲೀಸರೇ ಇಲ್ಲವೆಂದು ತೀರ್ಮಾನಿಸುವುದಿಲ್ಲವಷ್ಟೆ. ಅವರೆಲ್ಲ ಬೀದಿಯಲ್ಲಿ ಬಂದೋಬಸ್ತಿಗೆ ನಿಂತಿರುತ್ತಾರೆ. ರೋಗಾಣು ದೇಹವನ್ನು ಹೊಗುವುದು ಉಸಿರಿನ ದಾರಿಯಲ್ಲಿ ಮತ್ತು ಕರುಳಿನಲ್ಲಿ, ಆದ್ದರಿಂದ ಕೋಶಗಳು ಅಲ್ಲಿಗೆ ಹೋಗಿರುವುದು ಕುಸಿತವಲ್ಲ, ಕಾವಲು ಎಂಬುದು ಅವರ ವಾದದ ಸಾರ. ಒಂದು ದಿನದೊಳಗೆ ಎಣಿಕೆ ಮಾಮೂಲಿಗೆ ಬರುತ್ತದೆ.

ಹಾಗಾದರೆ ಆ 12.9 ಎಲ್ಲಿಂದ ಬಂತು? ಅದು ಓಟಗಾರರೇ ಹೇಳಿಕೊಂಡ ಲಕ್ಷಣಗಳ ಲೆಕ್ಕ, ಪ್ರಯೋಗಾಲಯದಲ್ಲಿ ಖಚಿತಪಡಿಸಿದ ಸೋಂಕಿನದ್ದಲ್ಲ. ಮುಂದೆ ಬೇರೆ ಸಂಶೋಧಕರು ಕ್ರೀಡಾಪಟುಗಳ ಮೂಗು ಗಂಟಲಿನ ದ್ರವವನ್ನು ಪರೀಕ್ಷಿಸಿದಾಗ, ನೆಗಡಿ ಎಂದವರ ಪೈಕಿ ಬಹುಪಾಲು ಮಂದಿಯಲ್ಲಿ ಯಾವ ರೋಗಾಣುವೂ ಸಿಗಲಿಲ್ಲ. ಗಂಟೆಗಟ್ಟಲೆ ಬಾಯಿಯಿಂದ ಒಣಗಾಳಿ, ಧೂಳು, ಪರಾಗ ಎಳೆದುಕೊಂಡವರಿಗೆ ಗಂಟಲು ಕೆರೆಯುವುದು ಸಹಜ. ನಿಜವಾಗಿ ಸೋಂಕು ತಗುಲಿದವರಲ್ಲೂ, ಸಾವಿರಾರು ಜನರ ನೂಕುನುಗ್ಗಲು, ಹಿಂದಿನ ರಾತ್ರಿಯ ಪ್ರಯಾಣ, ನಿದ್ದೆಗೆಟ್ಟದ್ದು, ಆತಂಕ ಇವೆಲ್ಲ ಕಾರಣವಾಗಿರಬಹುದು. ನಿದ್ದೆಯ ವಿಷಯದಲ್ಲಂತೂ ಸಾಕ್ಷ್ಯ ಗಟ್ಟಿಯಾಗಿದೆ: 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 164 ಮಂದಿಯ ಮೂಗಿಗೆ ನೆಗಡಿಯ ವೈರಸ್ಸನ್ನೇ ಹನಿಸಿ ನೋಡಿದಾಗ, ರಾತ್ರಿ ಆರು ಗಂಟೆಗಿಂತ ಕಡಿಮೆ ಮಲಗುವವರಿಗೆ, ಏಳು ಗಂಟೆಗಿಂತ ಹೆಚ್ಚು ಮಲಗುವವರಿಗಿಂತ ನೆಗಡಿಯಾಗುವ ಸಂಭವ ನಾಲ್ಕು ಪಟ್ಟು ಮೀರಿತ್ತು. ವಾದ ಇನ್ನೂ ಮುಗಿದಿಲ್ಲ. ವಾರಗಟ್ಟಲೆ ಮಿತಿಮೀರಿ ತರಬೇತಿ ಮಾಡುವ ವೃತ್ತಿಪರರ ಜೊಲ್ಲಿನಲ್ಲಿ ರೋಗಾಣುಗಳನ್ನು ತಡೆಯುವ ಐಜಿಎ ಎಂಬ ಪ್ರತಿಕಾಯ ಇಳಿಯುವುದನ್ನು ತೋರಿಸಿ ಹಳೆಯ ಪಕ್ಷದವರು ಇಂದಿಗೂ ಉತ್ತರ ಕೊಡುತ್ತಾರೆ. ನಮ್ಮ ನಿಮ್ಮಂಥ ಬೆಳಗಿನ ಓಟಗಾರರಿಗೆ ಆ ಮಟ್ಟದ ಹೊರೆಯೇ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ನೆಗಡಿ ಇರುವಾಗಲೇ ವ್ಯಾಯಾಮ ಮಾಡಿದರೆ ಏನಾಗುತ್ತದೆ ಎಂಬುದನ್ನು ನೇರವಾಗಿ ಪರೀಕ್ಷಿಸಿದ ಪ್ರಯೋಗವೂ ಇದೆ. ಅಮೆರಿಕದ ಇಂಡಿಯಾನಾದ ಬಾಲ್ ಸ್ಟೇಟ್ ವಿಶ್ವವಿದ್ಯಾಲಯದ ಥಾಮಸ್ ವೈಡ್ನರ್ ತಂಡ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 50 ಯುವಕ ಯುವತಿಯರಿಗೆ ನೆಗಡಿ ತರುವ ರೈನೋವೈರಸ್ ಹಾಕಿ, ಅವರಲ್ಲಿ 34 ಮಂದಿಯನ್ನು ದಿನ ಬಿಟ್ಟು ದಿನ ನಲವತ್ತು ನಿಮಿಷ ಮಧ್ಯಮ ತೀವ್ರತೆಯಲ್ಲಿ ವ್ಯಾಯಾಮ ಮಾಡಿಸಿದರು, ಉಳಿದವರನ್ನು ಸುಮ್ಮನಿರಿಸಿದರು. ಲಕ್ಷಣಗಳ ಪಟ್ಟಿ ತುಂಬಿಸಿಕೊಂಡದ್ದಲ್ಲದೆ, ಅವರು ಮೂಗು ಒರೆಸಿ ಎಸೆದ ಟಿಶ್ಯೂ ಕಾಗದಗಳನ್ನೆಲ್ಲ ಸಂಗ್ರಹಿಸಿ ತೂಕ ಹಾಕಿದರು. (ಸಂಶೋಧನಾ ಸಹಾಯಕರ ಪಾಡು ಊಹಿಸಿಕೊಳ್ಳಿ.) ಎರಡು ಗುಂಪುಗಳ ನಡುವೆ ನೆಗಡಿಯ ತೀವ್ರತೆಯಲ್ಲಾಗಲಿ ಅವಧಿಯಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವ್ಯಾಯಾಮ ನೆಗಡಿಯನ್ನು ಹೆಚ್ಚಿಸಲಿಲ್ಲ ಎಂಬುದನ್ನು ಎಲ್ಲರೂ ಉದ್ಧರಿಸುತ್ತಾರೆ, ಕಡಿಮೆ ಮಾಡಲೂ ಇಲ್ಲ ಎಂಬುದನ್ನು ಮರೆಯುತ್ತಾರೆ. ಜೊತೆಗೆ ಅದು ಸೌಮ್ಯವಾದ ವೈರಸ್, ಅವರು ಯುವಕರು. ಇನ್‌ಫ್ಲುಯೆಂಜಾಕ್ಕೆ ಈ ಫಲಿತಾಂಶವನ್ನು ಹೊಂದಿಸುವಂತಿಲ್ಲ.

ರೋಗನಿರೋಧಕ ಶಕ್ತಿಗೆ ವ್ಯಾಯಾಮದಿಂದ ಸಿಗುವ ಲಾಭವೆಲ್ಲ ಆರೋಗ್ಯವಾಗಿರುವಾಗ ತಿಂಗಳುಗಟ್ಟಲೆ ಮಾಡಿದ್ದರಿಂದ ಬರುವಂಥದ್ದು. ನೀಮನ್ ಅವರೇ 2011ರಲ್ಲಿ ಪ್ರಕಟಿಸಿದಂತೆ, ಸುಮಾರು ಸಾವಿರ ವಯಸ್ಕರನ್ನು 12 ವಾರ ಗಮನಿಸಿದಾಗ, ವಾರಕ್ಕೆ ಐದು ದಿನ ಅಥವಾ ಹೆಚ್ಚು ವ್ಯಾಯಾಮ ಮಾಡುವವರು ನೆಗಡಿ ಕೆಮ್ಮಿನಲ್ಲಿ ಕಳೆದ ದಿನಗಳು, ಕೂತೇ ಇರುವವರಿಗಿಂತ ನೂರಕ್ಕೆ 43ರಷ್ಟು ಕಡಿಮೆಯಿದ್ದವು. ಆ ಗಳಿಕೆ ಒಂದು ವಾರ ಮಲಗಿದರೆ ಕರಗುವುದಿಲ್ಲ, ಜ್ವರದ ದಿನ ಓಡಿದರೆ ಹೆಚ್ಚುವುದೂ ಇಲ್ಲ.

ಉತ್ತರ: ಉಪ್ಸಲಾ ಕನ್ನಡಿಗ, ಸ್ವೀಡನ್

ಮೇಷ್ಟ್ರ ವಿವರಣೆ ಓದಿ ಬಹಳ ಸಂತೋಷವಾಯಿತು. ಆದರೆ ವೈದ್ಯರು ಹೇಳಿದ ಕತ್ತಿನ ಸೂತ್ರದ ಬಗ್ಗೆ ನನಗೊಂದು ತಕರಾರು ಇದೆ. ನಾನಿರುವ ಸ್ವೀಡನ್ನಿನಲ್ಲಿ ಗಂಟಲು ನೋವು ಇದ್ದರೂ ತರಬೇತಿ ಬೇಡ ಎಂದು ಹೇಳುತ್ತಾರೆ. ಮಕ್ಕಳ ಫುಟ್‌ಬಾಲ್ ತರಬೇತುದಾರರೂ ಈ ವಿಷಯದಲ್ಲಿ ಕಟ್ಟುನಿಟ್ಟು. ಇದರ ಹಿಂದೆ ಒಂದು ದುಃಖದ ಇತಿಹಾಸವಿದೆ.

ಓರಿಯಂಟೀರಿಂಗ್ ಎಂಬುದು ಇಲ್ಲಿಯ ಜನಪ್ರಿಯ ಕ್ರೀಡೆ. ಕೈಯಲ್ಲಿ ನಕ್ಷೆ ಮತ್ತು ದಿಕ್ಸೂಚಿ ಹಿಡಿದು, ಗುರುತಿಸಿದ ಜಾಗಗಳನ್ನು ಹುಡುಕುತ್ತ ಕಾಡಿನಲ್ಲಿ ಓಡುವುದು. 1979ರಿಂದ 1992ರ ನಡುವೆ ಈ ಕ್ರೀಡೆಯ 16 ಮಂದಿ ಯುವ ಸ್ವೀಡಿಷ್ ಓಟಗಾರರು, 15 ಯುವಕರು ಮತ್ತು ಒಬ್ಬ ಯುವತಿ, ಹಠಾತ್ತಾಗಿ ಹೃದಯ ನಿಂತು ತೀರಿಕೊಂಡರು. ಒಳ್ಳೆಯ ತರಬೇತಿ ಪಡೆದ, ದಿನವೂ ಕಾಡು ಸುತ್ತುವ ಮಕ್ಕಳು. ಮರಣೋತ್ತರ ಪರೀಕ್ಷೆಯಲ್ಲಿ ಹೆಚ್ಚಾಗಿ ಕಂಡದ್ದು ಹೃದಯದ ಸ್ನಾಯುವಿನ ಉರಿಯೂತ, ಅಂದರೆ ಮಯೋಕಾರ್ಡೈಟಿಸ್. ಯಾವ ಸೂಕ್ಷ್ಮಾಣು ಕಾರಣ ಎಂಬ ಬಗ್ಗೆ ಹಲವು ಊಹೆಗಳು ನಡೆದವು. 1992ರ ಕೊನೆಗೆ ಸುಮಾರು ಆರು ತಿಂಗಳ ಮಟ್ಟಿಗೆ ಕಠಿಣ ತರಬೇತಿಯನ್ನೂ ಸ್ಪರ್ಧೆಗಳನ್ನೂ ನಿಲ್ಲಿಸಿ, ಸೋಂಕು ಇರುವಾಗ ಓಡಬಾರದೆಂಬ ತಿಳಿವಳಿಕೆಯನ್ನು ಎಲ್ಲ ಕ್ಲಬ್‌ಗಳಿಗೂ ಮುಟ್ಟಿಸಲಾಯಿತು. ಅದರ ನಂತರದ ವರ್ಷಗಳಲ್ಲಿ ಆ ಸಾವುಗಳ ಸರಣಿ ನಿಂತಿತು.

ಈ ಕಾರಣಕ್ಕೆ ನನಗನ್ನಿಸುವುದೇನೆಂದರೆ, ರಕ್ತದಲ್ಲಿ ಬಿಳಿ ಕಣ ಎಷ್ಟು ಇಳಿಯಿತು ಎಂಬ ಚರ್ಚೆಗಿಂತ ವೈರಸ್ ಹೃದಯಕ್ಕೆ ಇಳಿಯಿತೇ ಎಂಬ ಚರ್ಚೆ ಮುಖ್ಯ. ಅದು ಅಪರೂಪ, ಒಪ್ಪುತ್ತೇನೆ. ಆದರೆ ಒಂದು ವಾರದ ಓಟಕ್ಕಾಗಿ ತೆಗೆದುಕೊಳ್ಳಬೇಕಾದ ಅಪಾಯವಲ್ಲ.

ಉತ್ತರ: ಮಲೆನಾಡ ವೈದ್ಯ, ಶಿವಮೊಗ್ಗ

ಸ್ವೀಡನ್ನಿನ ಮಿತ್ರರ ತಕರಾರನ್ನು ಒಪ್ಪುತ್ತೇನೆ, ಸ್ವಲ್ಪ ತಿದ್ದುಪಡಿಯೊಂದಿಗೆ. ಕಾಕ್ಸಾಕಿ ಬಿ ಎಂಬ ವೈರಸ್ ತಗುಲಿದ ಇಲಿಮರಿಗಳನ್ನು ಬಲವಂತವಾಗಿ ಈಜಿಸಿದಾಗ ಹೃದಯದಲ್ಲಿ ವೈರಸ್ಸಿನ ಸಂಖ್ಯೆ ವಿಪರೀತ ಹೆಚ್ಚಿ, ಸಾವುಗಳೂ ಹೆಚ್ಚಾದವೆಂದು 1970ರಲ್ಲೇ ಪ್ರಕಟವಾಗಿತ್ತು. ಮನುಷ್ಯರ ಮೇಲೆ ಇಂಥ ಪ್ರಯೋಗ ಮಾಡುವಂತಿಲ್ಲವಾದ್ದರಿಂದ ನಾವು ಎಚ್ಚರಿಕೆಯ ಪಕ್ಕದಲ್ಲೇ ನಿಲ್ಲಬೇಕಾಗುತ್ತದೆ. ಮಯೋಕಾರ್ಡೈಟಿಸ್ ಖಚಿತವಾದವರಿಗೆ ಮೂರರಿಂದ ಆರು ತಿಂಗಳು ಸ್ಪರ್ಧಾತ್ಮಕ ಕ್ರೀಡೆ ನಿಷಿದ್ಧ ಎಂಬುದು ಹೃದ್ರೋಗ ತಜ್ಞರ ಬಹುಕಾಲದ ರೂಢಿ. ಕೋವಿಡ್ ಕಾಲದಲ್ಲಿ ಈ ಮಾತು ಮನೆಮನೆಗೂ ತಲುಪಿತು. ಡೆಂಗಿ, ಇಲಿಜ್ವರಗಳಲ್ಲೂ ಹೃದಯಕ್ಕೆ ಪೆಟ್ಟು ಬೀಳಬಹುದು.

ಗಂಟಲಿನ ವಿಷಯದಲ್ಲಿ ನಾನು ಎಳೆಯುವ ಗೆರೆ ಇದು. ಬೆಳಿಗ್ಗೆ ಎದ್ದಾಗ ಕೆರೆತವಿದ್ದು, ಬಿಸಿನೀರು ಕುಡಿದ ಮೇಲೆ ಮರೆತುಹೋಗುವಂತಿದ್ದರೆ ಅದು ನೆಗಡಿಯ ಭಾಗ. ಉಗುಳು ನುಂಗಲೂ ನೋವಾಗುವುದು, ಕತ್ತಿನ ಗ್ರಂಥಿಗಳು ಊದಿಕೊಳ್ಳುವುದು, ಜೊತೆಗೆ ಜ್ವರ ಇದ್ದರೆ ಅದು ಬೇರೆಯೇ ಕಾಯಿಲೆ. ವೈದ್ಯರಿಗೆ ತೋರಿಸದೆ ಕೆರೆಯ ಕಡೆ ಹೋಗಬೇಡಿ. ಹದಿಹರೆಯದವರಲ್ಲಿ ಇಂಥ ಗಂಟಲು ನೋವಿಗೆ ಕೆಲವೊಮ್ಮೆ ಎಪ್‌ಸ್ಟೈನ್-ಬಾರ್ ವೈರಸ್ ಕಾರಣವಾಗಿರುತ್ತದೆ. ಅದರಲ್ಲಿ ಹೊಟ್ಟೆಯ ಎಡಭಾಗದ ಗುಲ್ಮ (ಸ್ಪ್ಲೀನ್) ಊದಿಕೊಂಡು, ಪೆಟ್ಟು ಬಿದ್ದರೆ ಒಡೆಯುವ ಅಪಾಯ ಇರುವುದರಿಂದ ಕಬಡ್ಡಿ, ಕುಸ್ತಿಯಂಥ ಮೈಗೆ ಮೈ ತಾಗುವ ಆಟಗಳನ್ನು ಕನಿಷ್ಠ ಮೂರು ವಾರ ಬಿಡಿಸುತ್ತೇವೆ.

ಕಾಯಿಲೆಯ ಸಮಯದಲ್ಲಾಗಲಿ, ಅದು ವಾಸಿಯಾದ ಮೇಲಿನ ವಾರಗಳಲ್ಲಾಗಲಿ ಎದೆನೋವು, ಎದೆ ಡವಗುಟ್ಟುವುದು, ಮೆಟ್ಟಿಲು ಹತ್ತಿದರೆ ಮೊದಲಿಲ್ಲದ ಏದುಸಿರು, ತಲೆ ತಿರುಗಿ ಕಣ್ಣು ಕತ್ತಲಿಡುವುದು ಕಂಡರೆ ಇಸಿಜಿ ಆಗುವವರೆಗೆ ಓಟದ ಯೋಚನೆಯನ್ನೇ ಬಿಡಿ.

ಉತ್ತರ: ಗರಡಿ ಮನೆ, ಮೈಸೂರು

ದೊಡ್ಡವರ ನಡುವೆ ಒಂದು ಮಾತು ಸೇರಿಸುತ್ತೇನೆ. ನಾನು ಓದಿದ್ದು ಕಡಿಮೆ, ಗರಡಿಯಲ್ಲಿ ಬೆಳೆದವನು. ನಮ್ಮ ಉಸ್ತಾದರ ಕಾನೂನು ಸರಳವಾಗಿತ್ತು: ಮೈ ಬಿಸಿ ಇದ್ದವನು, ಕೆಮ್ಮುವವನು, ಮೈಮೇಲೆ ಹುಣ್ಣು ಕಜ್ಜಿ ಇದ್ದವನು ಗರಡಿಗೆ ಬಂದು ಹನುಮಂತನಿಗೆ ಕೈಮುಗಿಯಬಹುದು, ಗೋಡೆ ಒರಗಿ ಕೂತು ನೋಡಬಹುದು, ಆದರೆ ಮಟ್ಟಿಗೆ, ಅಂದರೆ ಕುಸ್ತಿಯ ಮಣ್ಣಿನ ಅಂಕಣಕ್ಕೆ, ಇಳಿಯುವಂತಿಲ್ಲ. ದಂಡ ಬಸ್ಕಿಯೂ ಇಲ್ಲ. ಇದು ಬರೀ ಆ ಹುಡುಗನ ಆರೋಗ್ಯದ ಮಾತಲ್ಲ. ಕುಸ್ತಿಯಲ್ಲಿ ಒಬ್ಬನ ಉಸಿರು ಇನ್ನೊಬ್ಬನ ಮುಖಕ್ಕೆ ತಾಗುತ್ತದೆ, ಎಲ್ಲರೂ ಹೊರಳುವುದು ಅದೇ ಮಣ್ಣಿನಲ್ಲಿ. ದಸರಾ ಕುಸ್ತಿಗೆ ಮುಂಚೆ ಒಬ್ಬನಿಗೆ ಬಂದದ್ದು ಇಡೀ ಗರಡಿಗೆ ಹಬ್ಬಿದರೆ ಜೋಡಿ ಕಟ್ಟಲು ಯಾರೂ ಉಳಿಯುವುದಿಲ್ಲ. ಮೇಡಂ ಅವರು ಹೋಗುವ ಜಿಮ್ಮಿಗೂ ಇದು ಅನ್ವಯಿಸುತ್ತದೆ ಎಂದುಕೊಳ್ಳುತ್ತೇನೆ. ಎ.ಸಿ. ಹಾಕಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ಮೂಗು ಒರೆಸಿದ ಕೈಯಲ್ಲೇ ಡಂಬೆಲ್ ಹಿಡಿದರೆ, ಮುಂದಿನವರು ಅದನ್ನೇ ಹಿಡಿಯುತ್ತಾರೆ. ತರಬೇತುದಾರರು ಭಾರ ಕಡಿಮೆ ಮಾಡಿ ಬನ್ನಿ ಎಂದದ್ದು ಈ ಕಾರಣಕ್ಕೆ ನನಗೆ ಸರಿ ಕಾಣಲಿಲ್ಲ.

ಇನ್ನೊಂದು ವಿಷಯ. ಆಯುರ್ವೇದದಲ್ಲಿ ವ್ಯಾಯಾಮವನ್ನು ಅರ್ಧಶಕ್ತಿಗೆ ನಿಲ್ಲಿಸಬೇಕೆಂದು ಹೇಳಿದೆ, ಬಲಿಷ್ಠನಾದರೂ ಸರಿ. ಅರ್ಧಶಕ್ತಿ ಎಂದರೆ ಎಷ್ಟು ಎಂಬುದಕ್ಕೆ ಸುಶ್ರುತ ಕೊಟ್ಟ ಗುರುತು, ಉಸಿರು ಬಾಯಿಗೆ ಬರುವುದು. ಮೂಗಿನಲ್ಲಿ ಸಾಲದೆ ಬಾಯಿ ತೆರೆಯಬೇಕಾದ ಘಳಿಗೆ. ವಾಗ್ಭಟ ಅಜೀರ್ಣವಾದವನಿಗೆ ವ್ಯಾಯಾಮ ಬೇಡ ಎಂದದ್ದಲ್ಲದೆ, ಅತಿಯಾದ ವ್ಯಾಯಾಮದಿಂದ ಹುಟ್ಟುವ ತೊಂದರೆಗಳ ಸಾಲಿನಲ್ಲಿ ಕೆಮ್ಮು, ಜ್ವರ, ವಾಂತಿಯನ್ನೂ ಸೇರಿಸಿದ್ದಾನೆ. ಈಗಿನವರು ಹೇಳುವ 'ಮಾತಾಡುತ್ತ ಓಡುವಷ್ಟು ವೇಗ' ಎಂಬುದೂ ಹೆಚ್ಚುಕಡಿಮೆ ಇಲ್ಲಿಗೇ ಬಂದು ನಿಲ್ಲುತ್ತದೆ. ಮೂಗು ಕಟ್ಟಿದವರಿಗೆ ಮಾತ್ರ ಬಾಯಿ ಉಸಿರಿನ ಗುರುತು ನಡೆಯುವುದಿಲ್ಲ, ಅವರು ಮಾತಿನ ಗುರುತನ್ನೇ ಹಿಡಿಯಬೇಕು.

ಪ್ರಶ್ನೆ ಕೇಳಿದವರು: ಉಣಕಲ್ ಓಟಗಾರ್ತಿ, ಹುಬ್ಬಳ್ಳಿ

ಎಲ್ಲರಿಗೂ ಧನ್ಯವಾದಗಳು. ಥರ್ಮಾಮೀಟರ್ ಇಟ್ಟು ನೋಡಿದೆ: ನಿನ್ನೆ ಸಂಜೆ 100.8, ಇವತ್ತು ಬೆಳಿಗ್ಗೆ 99. ಮೈಕೈ ನೋವು ಇದೆ, ಕಣ್ಣಿನ ಹಿಂದೆ ನೋವಾಗಲಿ ಗಂದೆಯಾಗಲಿ ಇಲ್ಲ. ಓಟ ನಿಲ್ಲಿಸಿದ್ದೇನೆ, ಜಿಮ್ಮಿಗೂ ಹೋಗುತ್ತಿಲ್ಲ. ನಮ್ಮ ಓಟದ ಗುಂಪಿನಲ್ಲಿ ಕೆಲವರು ನೆಗಡಿ ಮಾತ್ರೆ ನುಂಗಿ ಓಡುವುದನ್ನು ನೋಡಿದ್ದೇನೆ. ಜ್ವರ ಇಳಿದಿರುವುದರಿಂದ ತೊಂದರೆಯಿಲ್ಲ ಎನ್ನುತ್ತಾರೆ. ಇದು ಸರಿಯೇ? ಹಾಗೂ ಒಂದು ವಾರ ಬಿಟ್ಟರೆ ಇಷ್ಟು ದಿನದ ತಯಾರಿ ನೀರಿನಲ್ಲಿ ಹೋಮವಾಗುತ್ತದೆಯೇ?

ಉತ್ತರ: ಮಲೆನಾಡ ವೈದ್ಯ, ಶಿವಮೊಗ್ಗ

ಸರಿಯಲ್ಲ. ಮೆಡಿಕಲ್ ಶಾಪಿನಲ್ಲಿ ನೆಗಡಿ ಮಾತ್ರೆ ಎಂದು ಕೇಳಿದಾಗ ಕೊಡುವ ಹಾಳೆಯ ಹಿಂಭಾಗವನ್ನು ಒಮ್ಮೆ ಓದಿ. ಸಾಮಾನ್ಯವಾಗಿ ಮೂರು ಔಷಧಿಗಳು ಒಟ್ಟಿಗೆ ಇರುತ್ತವೆ: ಪ್ಯಾರಾಸಿಟಮಾಲ್, ಫಿನೈಲೆಫ್ರಿನ್, ಕ್ಲೋರ್‌ಫೆನಿರಮಿನ್. ಮೊದಲನೆಯದು ಜ್ವರವನ್ನು ಇಳಿಸುತ್ತದೆ, ಸೋಂಕನ್ನಲ್ಲ. ನಿಮಗೆ ಎಚ್ಚರಿಕೆ ಕೊಡುತ್ತಿದ್ದ ಗುರುತನ್ನೇ ಮರೆಮಾಡುತ್ತದೆ. ಎರಡನೆಯದು ಮೂಗಿನ ರಕ್ತನಾಳಗಳನ್ನು ಬಿಗಿಯುವುದಕ್ಕೆಂದು ಇರುವುದಾದರೂ ರಕ್ತದೊತ್ತಡವನ್ನೂ ಏರಿಸಬಹುದು. ಮೂರನೆಯದು ತೂಕಡಿಕೆ ತರುತ್ತದೆ. ಇವನ್ನು ನುಂಗಿ ಮಲಗಲು ಅಡ್ಡಿಯಿಲ್ಲ, ಓಡಲು ಅಲ್ಲ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳನ್ನಂತೂ ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಮುಟ್ಟಬೇಡಿ, ಏಕೆಂದರೆ ಅವು ರಕ್ತಸ್ರಾವವನ್ನು ಹೆಚ್ಚಿಸಬಹುದು. ನೀರಿನಂಶ ಕಳೆದುಕೊಂಡಿರುವಾಗ ಮೂತ್ರಪಿಂಡಕ್ಕೂ ಅವು ಹೊರೆ.

ಜ್ವರ ನಾಳೆಯೂ ಬಂದರೆ ರಕ್ತಪರೀಕ್ಷೆ ಮಾಡಿಸಿ. ಬಾರದೆ ಹೋದರೆ, ಮಾತ್ರೆಯ ಸಹಾಯವಿಲ್ಲದೆ ಎರಡು ದಿನ ಪೂರ್ತಿ ಜ್ವರವಿಲ್ಲದೆ ಕಳೆದ ಮೇಲೆ ಮುಂದಿನ ಮಾತು. ಗಂಜಿ, ತಿಳಿಸಾರು, ಮಜ್ಜಿಗೆ, ಯಾವುದು ಹೊಟ್ಟೆಗೆ ಸೇರುತ್ತದೋ ಅದನ್ನು ಕುಡಿಯುತ್ತಿರಿ. ಕಷಾಯ ಕುಡಿಯಬಾರದೇ ಎಂದು ಕೇಳುವವರಿದ್ದಾರೆ; ಗಂಟಲಿಗೆ ಹಿತವಾದರೆ ಧಾರಾಳವಾಗಿ ಕುಡಿಯಿರಿ.

ಉತ್ತರ: ಓಟದ ಕೋಚ್, ಬೆಂಗಳೂರು

ತಯಾರಿಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಒಂದು ವಾರದ ವಿರಾಮದಲ್ಲಿ ಮೊದಲು ಇಳಿಯುವುದು ರಕ್ತದ ದ್ರವಭಾಗವಾದ ಪ್ಲಾಸ್ಮಾದ ಪ್ರಮಾಣ. ಅದು ಓಟ ಆರಂಭಿಸಿದ ಮೇಲೆ ಬೇಗನೆ ಹಿಂದಿರುಗುತ್ತದೆ. ಆಮ್ಲಜನಕವನ್ನು ಬಳಸುವ ಗರಿಷ್ಠ ಸಾಮರ್ಥ್ಯ, ತರಬೇತಿಯನ್ನು ಪೂರ್ತಿ ನಿಲ್ಲಿಸಿದ ಕ್ರೀಡಾಪಟುಗಳಲ್ಲಿ, ಎರಡು ಮೂರು ವಾರದಲ್ಲಿ ಇಳಿದದ್ದು ನೂರಕ್ಕೆ ಏಳರಷ್ಟು ಎಂದು 1984ರಲ್ಲಿ ಎಡ್ವರ್ಡ್ ಕಾಯ್ಲ್ ತಂಡ ಅಳೆದಿತ್ತು. ಒಂದು ವಾರಕ್ಕೆ ನೀವು ಕಳೆದುಕೊಳ್ಳುವುದು ಅದಕ್ಕಿಂತ ಎಷ್ಟೋ ಕಡಿಮೆ. ಜ್ವರದಲ್ಲಿ ಓಡಿ ಕಾಯಿಲೆಯನ್ನು ಮೂರು ವಾರಕ್ಕೆ ಎಳೆದುಕೊಂಡವರು ಮಾತ್ರ ನಿಜಕ್ಕೂ ತಯಾರಿ ಕಳೆದುಕೊಳ್ಳುತ್ತಾರೆ. ನಮ್ಮ ಗುಂಪಿನಲ್ಲಿ ಪ್ರತಿ ಮಳೆಗಾಲ ಅಂಥವರು ಇದ್ದೇ ಇರುತ್ತಾರೆ.

ಹಿಂದಿರುಗುವ ಕ್ರಮ ಹೀಗಿರಲಿ. ಪ್ರತಿದಿನ ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು ಒಂದು ನಿಮಿಷ ನಾಡಿ ಎಣಿಸಿ. ಆರೋಗ್ಯವಾಗಿದ್ದಾಗಿನ ಎಣಿಕೆಗಿಂತ ಹತ್ತು ಹೆಚ್ಚಿದ್ದರೆ ಆ ದಿನ ವಿಶ್ರಾಂತಿ, ವಾದವಿಲ್ಲ. ಮಾಮೂಲಿಗೆ ಬಂದ ಮೇಲೆ ಮೊದಲ ದಿನ ಇಪ್ಪತ್ತು ನಿಮಿಷ ನಡಿಗೆ ಮಾತ್ರ. ಮರುದಿನ ಬೆಳಗಿನ ನಾಡಿ ಏರದಿದ್ದರೆ ನಡಿಗೆಯ ನಡುವೆ ಚಿಕ್ಕ ಚಿಕ್ಕ ಓಟ. ಅದಾದ ಮೇಲೆ ಮಾಮೂಲಿ ದೂರದ ಅರ್ಧವನ್ನು ಮಾತಾಡುತ್ತ ಓಡುವಷ್ಟು ನಿಧಾನವಾಗಿ. ಏರುದಾರಿಯ ಓಟ, ವೇಗದ ಸುತ್ತುಗಳು, ಜಿಮ್ಮಿನ ಭಾರಗಳನ್ನು ಎಲ್ಲಕ್ಕಿಂತ ಕೊನೆಗೆ ಸೇರಿಸಿ. ತಪ್ಪಿಸಿಕೊಂಡ ದೂರದ ಓಟಗಳನ್ನು ಮುಂದಿನ ವಾರಗಳಿಗೆ ತುರುಕಿ ಸರಿದೂಗಿಸಲು ಹೋಗಬೇಡಿ, ಅವು ಹೋದವು.

ಓಟಕ್ಕೆ ಹತ್ತು ದಿನ ಉಳಿದಾಗ ಹದಿನಾಲ್ಕು ಕಿಲೋಮೀಟರ್ ಆರಾಮವಾಗಿ ಮುಗಿಸಲು ಸಾಧ್ಯವಾದರೆ ಹಾಫ್ ಮ್ಯಾರಥಾನ್ ಓಡಿ, ಸಮಯದ ಗುರಿಯನ್ನು ಮಾತ್ರ ಬಿಟ್ಟುಬಿಡಿ. ಆಗದಿದ್ದರೆ ಆಯೋಜಕರಿಗೆ ಬರೆದು 10 ಕಿಲೋಮೀಟರ್ ವಿಭಾಗಕ್ಕೆ ಬದಲಾಯಿಸಿಕೊಡುತ್ತಾರೆಯೇ ಎಂದು ಈಗಲೇ ವಿಚಾರಿಸಿಡಿ. ಬಹಳಷ್ಟು ಕಡೆ ಬಿಬ್ (ಓಟಗಾರರು ಅಂಗಿಗೆ ಹಚ್ಚುವ ಸಂಖ್ಯೆಯ ಚೀಟಿ) ವಿತರಣೆ ಆರಂಭವಾದ ಮೇಲೆ ಈ ಬದಲಾವಣೆಗೆ ಒಪ್ಪುವುದಿಲ್ಲ.